ಮೊದಲು ತುಣುಕು, ಆಮೇಲೆ ಸ್ವೆಟರ್

ಕೇಳುಗರಿಗೆ ನಮಸ್ಕಾರ. ಯುಗಾದಿ ಕಳೆದು ವಾರವಾಗಿಲ್ಲ, ಫ್ಯಾನಿನ ಕೆಳಗೆ ಕುಳಿತರೂ ಬೆವರು. ಇಂಥ ಹೊತ್ತಿನಲ್ಲಿ ಉಣ್ಣೆಯ ಮಾತೇ ಎಂದು ನಗಬೇಡಿ. ಈಗ ಕಡ್ಡಿ ಹಿಡಿದವರ ಸ್ವೆಟರ್ ಕಾರ್ತಿಕದ ಚಳಿಗೆ ಸಿದ್ಧ. ದೀಪಾವಳಿ ಕಳೆದ ಮೇಲೆ ಅಂಗಡಿಗೆ ಓಡಿದವರ ಸ್ವೆಟರ್ ಮುಗಿಯುವಷ್ಟರಲ್ಲಿ ಚಳಿ ಶಿವ ಶಿವ ಎಂದು ಹೊರಟುಹೋಗಿರುತ್ತದೆ.

ನಾನು ಹೇಳುವುದು ಒಂದೇ ಮಾತು. ಮೊದಲು ಒಂದು ಮಾದರಿ ತುಣುಕು ಹೆಣೆಯಿರಿ, 15 ಸೆಂಟಿಮೀಟರಿನ ಚೌಕ. ಒಗೆದು, ಹರಡಿ ಒಣಗಿಸಿ, ಮೇಲೆ ಸ್ಕೇಲ್ ಇಟ್ಟು 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂದು ಎಣಿಸಿ. ಸ್ವೆಟರ್ ಆಮೇಲೆ.

ಹೋದ ವರ್ಷ ಇದೇ ದಿನಗಳಲ್ಲಿ ನಮ್ಮ ಬಡಾವಣೆಯ ಹನ್ನೆರಡು ಹೆಂಗಸರು ಸೇರಿ ಅಂಗನವಾಡಿಯ ಮಕ್ಕಳಿಗೆ ಹೊದಿಕೆ ಮಾಡಲು ಹೊರಟೆವು. ಹೊಸ ಬಡಾವಣೆ, ಅರ್ಧ ಜನಕ್ಕೆ ಪಕ್ಕದ ಮನೆಯವರ ಹೆಸರೂ ಗೊತ್ತಿರಲಿಲ್ಲ. ತಲೆಗೆ ನಾಲ್ಕು ಚೌಕ, ಕಡ್ಡಿಗೆ 40 ಕುಣಿಕೆ ಹಾಕಿ ಎಂದೆ. ಊರಿಗೆಲ್ಲ ಬುದ್ಧಿ ಹೇಳುವ ನಾನು ಅಂದು ತುಣುಕಿನ ಮಾತೇ ಎತ್ತಲಿಲ್ಲ, ನೋಡಿ! ಜೋಡಿಸುವ ದಿನ ನಮ್ಮ ಹಜಾರದಲ್ಲಿ ಹರಡಿದರೆ ಒಂದು ಚೌಕ 16 ಸೆಂಟಿಮೀಟರ್, ಇನ್ನೊಂದು 22. ಬ್ಯಾಂಕಿನಿಂದ ನಿವೃತ್ತರಾದವರದು ಬಿಗಿ ಕೈ, ಒಂದೊಂದು ಕುಣಿಕೆಗೂ ಬೀಗ ಜಡಿದ ಹಾಗೆ. ಮಹಡಿ ಮನೆಯ ಹುಡುಗಿಯದು ಹಳೆಯ ಹಗ್ಗದ ಮಂಚ. ಇನ್ನೊಬ್ಬರು 8ನೇ ನಂಬರಿನ ಕಡ್ಡಿಗಿಂತ 10ನೆಯದು ದಪ್ಪವೆಂದುಕೊಂಡು ಅದನ್ನೇ ಹಿಡಿದಿದ್ದರು. ನಮ್ಮ ಅಂಗಡಿಯ ಕಡ್ಡಿಗಳಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25.

"ಟೀಚರ್, ನೀವೇ ಅಲ್ಲವೇ ನಲವತ್ತು ಎಂದದ್ದು?" ಎಂದರು ಬ್ಯಾಂಕಿನವರು. ಬಾಯಿ ಮುಚ್ಚಿಕೊಂಡು ಬಿಚ್ಚಲು ಕುಳಿತೆ. ಒಬ್ಬರು ಎಳೆಯುವುದು, ಎದುರಿನವರು ಉಂಡೆ ಸುತ್ತುವುದು, ನಡುವೆ ಮೂರು ಸುತ್ತು ಕಾಫಿ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಾದದ್ದು ಅಂದೇ. ಆಮೇಲೆ ಎಲ್ಲರ ಕೈಯಲ್ಲೂ ತುಣುಕು ಹೆಣೆಸಿ ಅಳೆದೆವು. ಸಡಿಲ ಕೈಗೆ 36 ಕುಣಿಕೆ, ಬಿಗಿ ಕೈಗೆ 50. ಚೌಕ ಮಾತ್ರ ಎರಡೂ 20 ಸೆಂಟಿಮೀಟರ್!

ಅಯ್ಯೋ, ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ, ಇನ್ನು ಒಂದೇ ನಿಮಿಷವಂತೆ. ಬೇಸಿಗೆಗೆ ಹತ್ತಿ ನೂಲು ಒಳ್ಳೆಯದು, ಆದರೆ ಅದಕ್ಕೆ ಉಣ್ಣೆಯ ಪುಟಿತವಿಲ್ಲ. ಒದ್ದೆಯಾದಾಗ ತಂತಿಗೆ ನೇತುಹಾಕಿದರೆ ಜೋತು ಉದ್ದವಾಗುತ್ತದೆ. ಅದಕ್ಕೂ ತುಣುಕು ಬೇಕು, ಒಗೆದ ತುಣುಕು. ಹೆಣಿಗೆಯಿಂದ ನಾಲ್ಕು ಕಾಸು ಸಂಪಾದಿಸುವ ಬಗೆಯನ್ನೂ ಹೇಳಬೇಕಿತ್ತು. ಅದೇ ಬ್ಯಾಂಕಿನವರು ಈಗ ಕೂಸುಗಳ ಸ್ವೆಟರಿಗೆ ಆರ್ಡರ್ ಹಿಡಿಯುತ್ತಾರೆ. ತುಣುಕನ್ನು ತಕ್ಕಡಿಗೆ ಹಾಕಿ, ನೂಲೆಷ್ಟು ಬೇಕೆಂದು ಲೆಕ್ಕ ಹಿಡಿದ ಮೇಲೆಯೇ ಬೆಲೆ ಹೇಳುತ್ತಾರೆ.

ತುಣುಕಿಗೆಲ್ಲ ಪುರುಸೊತ್ತಿಲ್ಲ ಎನ್ನುವವರು ದಯವಿಟ್ಟು ನನಗೆ ಫೋನ್ ಮಾಡಬೇಡಿ. ಸ್ವೆಟರ್ ಹಿಡಿದುಕೊಂಡು ನೇರವಾಗಿ ಬಿಚ್ಚಲು ಬನ್ನಿ, ಕಾಫಿಗೆ ನೀರು ಇಟ್ಟಿರುತ್ತೇನೆ. ನಮಸ್ಕಾರ.