ಹಡಗಿನ ಕೇಕ್ ಕತ್ತರಿಸಿದಿರಿ, ಸರಿ. ಡಿಸೆಂಬರ್ 9ರ ಕಥೆ ಏನಾಯಿತು?

ನಮಸ್ಕಾರ. ಗಂಟಲು ಕೆಟ್ಟಿದೆ, ಮೆಣಸಿನ ಕಷಾಯದ ಲೋಟ ಪಕ್ಕದಲ್ಲಿದೆ. ನಡುವೆ ಸೊರ್ರೆಂದು ಸದ್ದು ಬಂದರೆ ಅದು ನಿಮ್ಮ ಮೊಬೈಲಿನ ದೋಷವಲ್ಲ, ನನ್ನದು. ಈ ವಾರ ರಸ್ತೆ ಗುಂಡಿಗಳ ಬಗ್ಗೆ ಮಾತನಾಡುತ್ತೇನೆಂದು ಮಾತು ಕೊಟ್ಟಿದ್ದೆ, ಬರೆದೂ ಇಟ್ಟಿದ್ದೆ. ಗುಂಡಿಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವಾರವೂ ಇರುತ್ತವೆ. ಇವತ್ತು ಹೊಟ್ಟೆ ಉರಿಯುತ್ತಿರುವ ವಿಷಯವೇ ಬೇರೆ.

ನಡೆದದ್ದು ಇಷ್ಟು. ಡಿಸೆಂಬರ್ 4, ನೌಕಾಪಡೆ ದಿನ. ನಾನಿರುವ ವಸತಿ ಸಮುಚ್ಚಯದಲ್ಲಿ ಕಾರ್ಯಕ್ರಮ. ಮಕ್ಕಳಿಗೆ ರಸಪ್ರಶ್ನೆ, ಬಿಳಿ ಟೋಪಿ, ಕೊನೆಗೆ ಹಡಗಿನ ಆಕಾರದ ಕೇಕ್. ಸುತ್ತ ನೀಲಿ ಕ್ರೀಮಿನ ಅಲೆಗಳು, ಮೇಲೆ ಬಿಸ್ಕತ್ತಿನ ಫಿರಂಗಿ. ಚೆನ್ನಾಗಿಯೇ ಮಾಡಿಸಿದ್ದರು, ಸುಳ್ಳು ಹೇಳುವುದಿಲ್ಲ. ನಾನು ವ್ಯವಸ್ಥಾಪಕರ ಹತ್ತಿರ ಹೋಗಿ, "ಎರಡು ನಿಮಿಷ ಕೊಡಿ, ಖುಕ್ರಿ ಹಡಗಿನ ಬಗ್ಗೆ, ಕ್ಯಾಪ್ಟನ್ ಮುಲ್ಲಾ ಬಗ್ಗೆ ಹೇಳುತ್ತೇನೆ" ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಬೇಡ ಸರ್, ಅದು ಮುಳುಗಿದ ಹಡಗು. ಮಕ್ಕಳಿದ್ದಾರೆ, ಖುಷಿಯ ದಿನ" ಎಂದರು.

ಮುಳುಗಿದ ಹಡಗು! ಇವರ ಪ್ರಕಾರ ಮುಳುಗಿದ್ದು ಏನೋ ಅಪಶಕುನ.

ಮನೆಗೆ ಬಂದು ವಾಹಿನಿ ತೆರೆದರೆ ಅಲ್ಲೂ ಅದೇ ರಾಗ. ಹೋದ ಸಲ ನೌಕಾಪಡೆಯ ಬಗ್ಗೆ ಮಾಡಿದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಕರಾಚಿ ಹೊತ್ತಿ ಉರಿದ ಕಥೆ ಚೆನ್ನಾಗಿತ್ತು. ಕೊನೆಯಲ್ಲಿ ಖುಕ್ರಿಯ ಗೋಳು ಯಾಕೆ ಬೇಕಿತ್ತು?" ಅದಕ್ಕೆ ನಲವತ್ತು ಮೆಚ್ಚುಗೆ. ನನ್ನ ಸಂಚಿಕೆಗಳಿಗೇ ಒಮ್ಮೊಮ್ಮೆ ನಲವತ್ತು ಬರುವುದಿಲ್ಲ. ಆ ನೆಪದಲ್ಲಿ ಹೇಳಿಬಿಡುತ್ತೇನೆ, ಇನ್ನೂ ಚಂದಾದಾರರಾಗಿಲ್ಲದಿದ್ದರೆ ಆಗಿ, ಗಂಟೆಯ ಗುರುತನ್ನೂ ಒತ್ತಿ.

ನನ್ನ ವಾದ ಒಂದೇ. ಡಿಸೆಂಬರ್ 4ನ್ನು ನೆನೆಯುವವರು ಡಿಸೆಂಬರ್ 9ನ್ನೂ ನೆನೆಯಬೇಕು. ನಡುವೆ ಇರುವುದು ಐದೇ ದಿನ. ಒಂದು ಕೇಕ್ ಹಳಸುವಷ್ಟು ಹೊತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 1971ರ ಯುದ್ಧ. ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್ ಕರಾಚಿಯ ಬಾಗಿಲಿಗೇ ಹೋಗಿ ಹೊಡೆದು ಬಂದವು. ಅದಕ್ಕಾಗಿಯೇ ಆ ದಿನ ನೌಕಾಪಡೆ ದಿನ. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಹೊತ್ತಿಗೆ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ಪಶ್ಚಿಮ ಕರಾವಳಿಯಲ್ಲಿ ನುಸುಳಿಕೊಂಡಿತ್ತು. ಹೆಸರು ಹಂಗೋರ್. ಫ್ರೆಂಚರು ಕಟ್ಟಿದ, ಆ ಕಾಲಕ್ಕೆ ಹೊಚ್ಚ ಹೊಸದಾದ ಡಾಫ್ನೆ ವರ್ಗದ್ದು. ಅದರ ಸುಳಿವು ದಿಯು ದ್ವೀಪದ ಆಚೆ ಸಿಕ್ಕಿತು. ಬೇಟೆಗೆ ಹೊರಟದ್ದು ಎರಡು ಫ್ರಿಗೇಟುಗಳು, ಖುಕ್ರಿ ಮತ್ತು ಕೃಪಾಣ್. ಇವುಗಳ ಜೊತೆಗಾರ ಕುಠಾರ್ ಬಾಯ್ಲರ್ ಕೆಟ್ಟು ಹಿಂದೆ ಉಳಿದಿತ್ತು. ಹೆಸರು ಗಮನಿಸಿದಿರಾ? ಗೂರ್ಖರ ಬಾಗಿದ ಕತ್ತಿ, ಸಿಖ್ಖರ ಕತ್ತಿ, ಮತ್ತು ಕೊಡಲಿ. ಕುಠಾರ ಎಂದರೆ ಕೊಡಲಿ ಎನ್ನುವುದು ಕನ್ನಡ ಮೇಷ್ಟರ ಕೈಯಲ್ಲಿ ಬೆತ್ತದೇಟು ತಿಂದವರಿಗೆಲ್ಲ ನೆನಪಿರುತ್ತದೆ.

ಈ ದಳದ ಮುಖ್ಯಸ್ಥರು, ಖುಕ್ರಿಯ ಕಪ್ತಾನರು ಮಹೇಂದ್ರನಾಥ ಮುಲ್ಲಾ. ಹುಟ್ಟಿದ್ದು 1926ರಲ್ಲಿ, ಗೋರಖ್‌ಪುರದಲ್ಲಿ. ಮುಲ್ಲಾ ಎಂದ ಕೂಡಲೇ ನಿಮ್ಮಲ್ಲಿ ಕೆಲವರ ಬೆರಳು ತುರಿಸುತ್ತದೆಂದು ಗೊತ್ತು, ಹೋದ ಸಲವೂ ಕೇಳಿದ್ದಿರಿ. ಕಾಶ್ಮೀರಿ ಪಂಡಿತರ ಮನೆತನ. ಈಗ ಸಮಾಧಾನವಾಯಿತೇ? ಟಾರ್ಪಿಡೊ ಗೋತ್ರ ವಿಚಾರಿಸಿಕೊಂಡು ಬರಲಿಲ್ಲ.

ರಾತ್ರಿ ಎಂಟೂ ಮುಕ್ಕಾಲರ ಸುಮಾರು. ಹಂಗೋರ್ ಮೊದಲು ಕೃಪಾಣ್ ಕಡೆಗೆ ಟಾರ್ಪಿಡೊ ಬಿಟ್ಟಿತು, ಅದು ಸಿಡಿಯಲಿಲ್ಲ. ಮುಂದಿನದು ಖುಕ್ರಿಯ ಹೊಟ್ಟೆಗೇ ಬಂತು. ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಒಳಗೆ ಕತ್ತಲು, ವಾಲಿದ ನೆಲ, ಕಿರಿದಾದ ಬಾಗಿಲುಗಳು. 18 ಅಧಿಕಾರಿಗಳು, 176 ನಾವಿಕರು ಹೋದರು. ಒಟ್ಟು 194. ಉಳಿದವರು 67 ಮಂದಿ. ಮುಲ್ಲಾ ತಮ್ಮ ಲೈಫ್ ಜಾಕೆಟ್ ಬಿಚ್ಚಿ ಒಬ್ಬ ನಾವಿಕನಿಗೆ ಕೊಟ್ಟರು, ಕೈಗೆ ಸಿಕ್ಕವರನ್ನೆಲ್ಲ ನೀರಿಗೆ ಹಾರಿಸಿದರು, ತಾವು ಹಾರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜಾಕೆಟ್ ಕೊಡುವುದೆಂದರೆ ಏನು ಎಂದು ಯೋಚಿಸಿದ್ದೀರಾ? ನಾವು ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಬಿಟ್ಟುಕೊಡುವುದಿಲ್ಲ. ಮೈಗೆ ಕಟ್ಟಿಕೊಂಡದ್ದನ್ನು ಬಿಚ್ಚಬೇಕು. ಕತ್ತಲಲ್ಲಿ, ವಾಲುತ್ತಿರುವ ಹಡಗಿನ ಮೇಲೆ, ಕೈ ನಡುಗುವಾಗ ಗಂಟು ಬಿಚ್ಚಬೇಕು. ಆಮೇಲೆ ಅದನ್ನು ಇನ್ನೊಬ್ಬನ ಮೈಗೆ ತೊಡಿಸಬೇಕು. ಅದಕ್ಕೆ ಸಮಯ ಬೇಕು. ಆ ಸಮಯ ಯಾರದು? ತನ್ನದು. ಉಳಿದಿರುವ ಕೆಲವೇ ನಿಮಿಷಗಳಲ್ಲಿ ಅರ್ಧ ನಿಮಿಷ ಇನ್ನೊಬ್ಬನ ಗಂಟಿಗೆ ಹೋಯಿತು.

"ಅಯ್ಯೋ, ಕಪ್ತಾನ ಹಡಗಿನ ಜೊತೆ ಮುಳುಗುವುದು ಬ್ರಿಟಿಷರ ಹಳೆಯ ಹುಚ್ಚು, ಯಾವ ನಿಯಮದಲ್ಲೂ ಇಲ್ಲ" ಎಂದು ಇನ್ನೊಬ್ಬ ಮಹಾಶಯರ ಟಿಪ್ಪಣಿ. ನಿಯಮದಲ್ಲಿ ಇಲ್ಲ ನಿಜ. ನಿಯಮದಲ್ಲಿ ಇದ್ದಿದ್ದರೆ ಅದಕ್ಕೆ ಮಹಾವೀರ ಚಕ್ರ ಯಾಕೆ ಕೊಡುತ್ತಿದ್ದರು, ಸಂಬಳದ ಚೀಟಿಯಲ್ಲೇ ಬರೆಯುತ್ತಿದ್ದರು. ಅವರ ಪ್ರಶಸ್ತಿಯ ಬಿನ್ನವತ್ತಳೆಯನ್ನು ಒಮ್ಮೆ ಓದಿ ನೋಡಿ. ಆದಷ್ಟು ಮಂದಿಯನ್ನು ಹಡಗಿನಿಂದ ಇಳಿಸಿದ ಮೇಲೆ, ಇನ್ನೇನಾದರೂ ಮಾಡಲು ಸಾಧ್ಯವೇ ಎಂದು ನೋಡಲು ಅವರು ಬ್ರಿಡ್ಜಿಗೆ, ಅಂದರೆ ಕಪ್ತಾನರು ನಿಂತು ಹಡಗು ನಡೆಸುವ ಜಾಗಕ್ಕೆ, ಮರಳಿ ಹೋದರು ಎನ್ನುತ್ತದೆ ಅದು. ಮರಳಿ ಹೋದರು. ಸಾಯಲು ಅಲ್ಲ ಸ್ವಾಮಿ, ಕೆಲಸ ಬಾಕಿಯಿದೆಯೇ ಎಂದು ನೋಡಲು. ಸಂಪ್ರದಾಯಕ್ಕಾಗಿ ಮುಳುಗುವವನು ಎದೆಯುಬ್ಬಿಸಿ ನಿಲ್ಲುತ್ತಾನೆ. ಇವರು ಮನೆಗೆ ಬೀಗ ಹಾಕುವ ಮುನ್ನ ಒಲೆ ಆರಿದೆಯೇ ಎಂದು ನೋಡಲು ಹೋಗುವ ಯಜಮಾನರ ಹಾಗೆ ಹೋದರು.

ಕಷಾಯ. ಒಂದು ಗುಟುಕು.

ಹಾಂ, ಡಿಸೆಂಬರ್ 9. ಇದನ್ನು ಯಾರು ಮರೆತಿಲ್ಲ ಗೊತ್ತೇ? ಕರಾಚಿಯವರು! ಅಲ್ಲಿ ಡಿಸೆಂಬರ್ 9 ಎಂದರೆ ಹಂಗೋರ್ ದಿನ. ಆ ಜಲಾಂತರ್ಗಾಮಿಯನ್ನು ತೊಳೆದು, ಬಣ್ಣ ಬಳಿದು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಈಗ ಚೀನಾದ ನೆರವಿನಿಂದ ಬರುತ್ತಿರುವ ಅವರ ಹೊಸ ಜಲಾಂತರ್ಗಾಮಿಗಳ ವರ್ಗಕ್ಕೂ ಅದೇ ಹೆಸರು. ಮುಳುಗಿಸಿದವರಿಗೆ ತಾರೀಖು ನೆನಪಿದೆ, ಮುಳುಗಿದವರ ಮನೆಯವರಾದ ನಮಗೆ ಕೇಕಿನ ತೂಕ ನೆನಪಿದೆ.

"ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೆಸರುಗಳಿವೆಯಲ್ಲ" ಎನ್ನುತ್ತೀರಿ. ಇವೆ. ಅಲ್ಲಿನ ಗ್ರಾನೈಟ್ ಫಲಕಗಳ ಮೇಲೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ಆ ಸ್ಮಾರಕದಲ್ಲಿಯೇ ವೀರತಾ ಚಕ್ರ ಎಂಬ ಭಾಗದಲ್ಲಿ ಆರು ಕಂಚಿನ ಚಿತ್ರಗಳೂ ಇವೆ. ನೌಕಾಪಡೆಯ ಪಾಲಿಗೆ ಬಂದಿರುವುದು ಯಾವ ಚಿತ್ರ? ಕರಾಚಿ ದಾಳಿಯದ್ದು. ತಪ್ಪು ಎನ್ನುವುದಿಲ್ಲ, ಆದರೆ ಕಂಚಿಗೂ ಡಿಸೆಂಬರ್ 4ರ ರುಚಿಯೇ ಹತ್ತಿದೆ ನೋಡಿ.

ದಿಯುಗೆ ನಾನು ಹೋಗಿದ್ದೆ. ಸಮುದ್ರದ ಕಡೆ ಮುಖ ಮಾಡಿದ ಗುಡ್ಡದ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಖುಕ್ರಿಯ ಪುಟ್ಟ ಮಾದರಿ ಇದೆ. ಕೆಳಗೆ ಬಂಡೆಗೆ ಅಲೆ ಬಡಿಯುವ ಸದ್ದು. ಗಾಜಿನಲ್ಲಿ ಹಡಗು ಒಳಗೆ, ನನ್ನ ಮುಖ ಹೊರಗೆ, ಎರಡರ ಮೇಲೂ ಸಮುದ್ರದ ಬೆಳಕು. ಪಕ್ಕದಲ್ಲಿದ್ದ ಒಂದು ಗುಂಪು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತು. ಒಬ್ಬ ಕೇಳಿದ, "ಇದು ಯಾವ ಹಡಗು?" ಇನ್ನೊಬ್ಬ ಹೇಳಿದ, "ಯಾವುದೋ ಪೋರ್ಚುಗೀಸರದ್ದು ಇರಬೇಕು." ಗುಜರಾತಿನಲ್ಲಿ ಪಾನನಿಷೇಧ, ದಿಯುನಲ್ಲಿ ಇಲ್ಲ. ಅವರು ಬಂದ ಕೆಲಸ ಬೇರೆ, ಬಿಡಿ. ಆದರೆ ನಾನು ಅಲ್ಲೇ ಉಪನ್ಯಾಸ ಶುರು ಮಾಡಿದೆ. ನನ್ನ ಹೆಂಡತಿ ಬಂದು ತೋಳು ಹಿಡಿದು ಎಳೆದುಕೊಂಡು ಹೋದಳು. ಆ ಉಪನ್ಯಾಸದ ಉಳಿದ ಭಾಗವನ್ನೇ ನೀವು ಈಗ ಕೇಳುತ್ತಿದ್ದೀರಿ.

ಈಗ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. "ಸೋಲನ್ನು ಯಾಕೆ ನೆನೆಯಬೇಕು?" ಕನ್ನಡಿಗರಾಗಿ ಈ ಪ್ರಶ್ನೆ ಕೇಳಲು ಮನಸ್ಸಾದರೂ ಹೇಗೆ ಬರುತ್ತದೆ? ನಮ್ಮ ಯಾವ ಊರಿಗಾದರೂ ಹೋಗಿ, ಕೆರೆ ಏರಿಯ ಮೇಲೋ ಹಾಳು ಗುಡಿಯ ಹಿಂದೆಯೋ ಒಂದು ವೀರಗಲ್ಲು ಇರುತ್ತದೆ. ಅದನ್ನು ಗೆದ್ದವನಿಗೆ ನಿಲ್ಲಿಸಿದ್ದೇ? ಸತ್ತವನಿಗೆ ನಿಲ್ಲಿಸಿದ್ದು. ದನ ಹಿಡಿಯಲು ಬಂದವರ ಜೊತೆ ಕಾದಾಡಿ ಸತ್ತವನಿಗೆ ಕಲ್ಲು. ಊರು ಉಳಿಸಲು ಹೋಗಿ ಸತ್ತವನಿಗೆ ಕಲ್ಲು. ಆತಕೂರಿನ ಶಾಸನ ಗೊತ್ತಲ್ಲ? ಸಾವಿರ ವರ್ಷಕ್ಕೂ ಹಿಂದಿನದು. ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಆ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು! ಹಂದಿ ಗೆದ್ದಿತೋ ನಾಯಿ ಗೆದ್ದಿತೋ ಎಂದು ಯಾರೂ ಅಂಕ ಎಣಿಸಲಿಲ್ಲ. ನಾಯಿಗೆ ಕೊಟ್ಟ ಮರ್ಯಾದೆಯನ್ನು 194 ಮಂದಿಗೆ ಕೊಡಲು ನಮಗೆ ಖುಷಿ ಕೆಡುತ್ತದೆಯೇ?

ಡಿಸೆಂಬರ್ 9. ಬರೆದುಕೊಳ್ಳಿ. ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕ ಬರೆದುಕೊಳ್ಳಿ.

"ತಪ್ಪು ಯಾರದ್ದು ಎಂದು ಮೊದಲು ಹೇಳಿ" ಎಂದು ಕೇಳುವವರೂ ಇದ್ದಾರೆ. ಅದನ್ನೂ ಮುಚ್ಚಿಡುವುದಿಲ್ಲ. ಖುಕ್ರಿಯ ಸೋನಾರ್, ಅಂದರೆ ನೀರಿನೊಳಗಿನ ಸದ್ದು ಹಿಡಿಯುವ ಯಂತ್ರ, ಕೇಳಿಸಿಕೊಳ್ಳುವ ದೂರಕ್ಕಿಂತ ಹಂಗೋರ್ ಕೇಳಿಸಿಕೊಳ್ಳುವ ದೂರ ಹೆಚ್ಚಿತ್ತು. ಬೇಟೆಗೆ ಹೋದವನಿಗಿಂತ ಬೇಟೆಯ ಕಿವಿ ಚುರುಕು. ಸೋನಾರನ್ನು ಸುಧಾರಿಸುವ ಪ್ರಯೋಗವೂ ಹಡಗಿನಲ್ಲಿ ನಡೆದಿತ್ತು, ಅದಕ್ಕಾಗಿ ನಿಧಾನವಾಗಿ ಸಾಗಬೇಕಿತ್ತು, ಜಲಾಂತರ್ಗಾಮಿ ಇರುವ ನೀರಿನಲ್ಲಿ ನಿಧಾನ ಎಂದರೆ ಅಪಾಯ. ಆ ಮೇಲೆ ಹಂಗೋರನ್ನು ದಿನಗಟ್ಟಲೆ ಹುಡುಕಿದರು, ಅದು ತಪ್ಪಿಸಿಕೊಂಡು ಮನೆ ಸೇರಿತು. ಇವೆಲ್ಲ ಚರ್ಚೆಯಾಗಬೇಕಾದ ವಿಷಯಗಳೇ. ಆದರೆ ಯಾವ ದಿನ ಚರ್ಚೆ ಮಾಡುತ್ತೀರಿ? ತಾರೀಖೇ ನೆನಪಿಲ್ಲದವರು ತನಿಖೆ ಮಾಡುತ್ತಾರಂತೆ!

"ಕಪ್ತಾನರೊಬ್ಬರೇ ಯಾಕೆ, ಉಳಿದ 193 ಮಂದಿ ಏನಾದರು" ಎಂಬುದು ಮತ್ತೊಂದು. ಒಳ್ಳೆಯ ಪ್ರಶ್ನೆ. ನೀವು ಕೇಳಿದಿರಿ ಎಂಬ ಒಂದೇ ಕಾರಣಕ್ಕೆ ಅದನ್ನು ಕೆಟ್ಟ ಪ್ರಶ್ನೆ ಎನ್ನಬೇಕು ಅನ್ನಿಸುತ್ತಿದೆ, ಆದರೂ ಒಳ್ಳೆಯ ಪ್ರಶ್ನೆ. ಒಂದು ಹೆಸರನ್ನಾದರೂ ಮೊದಲು ನೆನಪಿಡಿ, ಆ ದಾರ ಹಿಡಿದು ಎಳೆದರೆ ಉಳಿದವರು ಬರುತ್ತಾರೆ. ಸೊನ್ನೆಯನ್ನು ಹಿಡಿದು ಎಳೆದರೆ ಏನೂ ಬರುವುದಿಲ್ಲ.

ಮತ್ತೆ ಅದೇ ಹೆಸರಿನ ಹಡಗು ಕಟ್ಟಿದರು, 1989ರಲ್ಲಿ ಸೇವೆಗೆ ಸೇರಿತು, 2021ರ ಡಿಸೆಂಬರಿನಲ್ಲಿ ನಿವೃತ್ತಿಯಾಯಿತು, ಈಗ ಅದೂ ದಿಯು ಆಡಳಿತದ ಕೈಯಲ್ಲಿದೆ. ಎರಡನೆಯ ಕೃಪಾಣನ್ನು 2023ರಲ್ಲಿ ವಿಯೆಟ್ನಾಮಿಗೆ ಉಡುಗೊರೆ ಕೊಟ್ಟರು. ನೌಕಾಪಡೆ ಹೆಸರುಗಳನ್ನು ಮರೆಯುವುದಿಲ್ಲ. ಮರೆಯುವವರು ನಾವು, ಟೋಪಿ ಹಾಕಿಕೊಂಡವರು.

ಬರೆದಿಟ್ಟುಕೊಂಡಿದ್ದ ಹಾಳೆ ಇಲ್ಲಿಗೆ ಮುಗಿಯಿತು. ಇನ್ನೂ ಮೂರು ಕಾರಣ ಬರೆದಿದ್ದೆ, ಕಷಾಯ ಚೆಲ್ಲಿ ಅಕ್ಷರ ಅಳಿಸಿಹೋಗಿದೆ. ಪರವಾಗಿಲ್ಲ. ನಾಲ್ಕನೆಯ ಕಾರಣ, ನಾನು ಹೇಳುತ್ತಿದ್ದೇನೆ. ಐದನೆಯ ಕಾರಣ, ನಾನು ಮತ್ತೆ ಹೇಳುತ್ತಿದ್ದೇನೆ. ಡಿಸೆಂಬರ್ 9! ಈ ಸಂಚಿಕೆಯ ಕೆಳಗೆ "ಗೋಳು" ಎಂದು ಬರೆಯುವವರಿಗೆ ನಾನು ಉತ್ತರಿಸುವುದಿಲ್ಲ, ಪ್ರತಿ ಟಿಪ್ಪಣಿಗೂ ತಾರೀಖನ್ನು ಮಾತ್ರ ಅಂಟಿಸುತ್ತೇನೆ. ಮುಂದಿನ ವರ್ಷ ಸಮುಚ್ಚಯದ ಕಾರ್ಯಕ್ರಮಕ್ಕೆ ಮೈಕ್ ಕೊಡದಿದ್ದರೆ ಡಿಸೆಂಬರ್ 9ರ ರಾತ್ರಿ ಎಂಟೂ ಮುಕ್ಕಾಲಿಗೆ ಲಿಫ್ಟಿನಲ್ಲೇ ನಿಂತು ಹೇಳುತ್ತೇನೆ. ಹದಿನಾಲ್ಕು ಮಹಡಿ ಇದೆ, ಯಾರೂ ನಡುವೆ ಇಳಿಯಲಾಗುವುದಿಲ್ಲ.

ಕೇಳುವ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವ್ಯವಸ್ಥಾಪಕರು ಇದನ್ನು ಕೇಳಿಯೇ ಕೇಳುತ್ತಾರೆ. ಹೌದು, ಅವತ್ತು ಕೇಕ್ ನಾನೂ ತಿಂದೆ. ಕೈಗೆ ತಟ್ಟೆ ಕೊಟ್ಟರು, ಬೇಡ ಎನ್ನಲಾಗಲಿಲ್ಲ. ನನ್ನ ತಟ್ಟೆಗೆ ಬಂದದ್ದು ಬ್ರಿಡ್ಜ್ ಇದ್ದ ತುಂಡು.