ಸಾಸಿವೆ ಹೊರಗೆ, ಉಪ್ಪು ಒಳಗೆ: ಇದ್ದಿಲಿನ ಮೇಲೆ ಪೋರ್ಕ್ ಚಾಪ್ಸ್

[ದೃಶ್ಯ: ಹಲಗೆಯ ಮೇಲೆ ಮೂಳೆ ಇರುವ ನಾಲ್ಕು ಚಾಪ್ಸ್]

ಬೆಂಗಳೂರಿನಲ್ಲಿ ಹಂದಿ ಮಾಂಸವೆಂದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಕೊಡಗಿನ ಪಂದಿ ಕರಿ. ಕೊಬ್ಬಿನ ತುಂಡುಗಳನ್ನು ನಿಧಾನವಾಗಿ ಬೇಯಿಸಿ ಕಾಚಂಪುಳಿ ಎಂಬ ಕಪ್ಪು, ಗಟ್ಟಿ ಹುಳಿರಸ ಬೆರೆಸುವ ಆ ಅಡುಗೆಗೆ ಹೊತ್ತು ಹಿಡಿದಷ್ಟೂ ರುಚಿ. ಆ ಅಭ್ಯಾಸವನ್ನೇ ಚಾಪ್ಸ್‌ಗೂ ತಂದರೆ ಕೆಟ್ಟಿತು. ಚಾಪ್ ಬೆನ್ನೆಲುಬಿನ ಪಕ್ಕದ, ಕೊಬ್ಬು ಕಡಿಮೆಯಿರುವ ಮಾಂಸವಾದ್ದರಿಂದ ಹೊತ್ತು ಮೀರಿದರೆ ನಾರಾಗಿ ಒಣಗುತ್ತದೆ. ಎಂಥ ಮಸಾಲೆ ಹಚ್ಚಿದರೂ ಅದನ್ನು ಮತ್ತೆ ಮೃದುವಾಗಿಸಲಾಗದು.

ಅಂಗಡಿಯಲ್ಲಿ ಒಂದು ಅಂಗುಲ ದಪ್ಪಕ್ಕೆ, ಮೂಳೆ ಮತ್ತು ಅಂಚಿನ ಕೊಬ್ಬು ತೆಗೆಯದೆ ಕತ್ತರಿಸಿಕೊಡಲು ಹೇಳಿ. ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿಗಳಿರಬಹುದು; ಅಂಥ ಮಾಂಸವನ್ನು ಮುಲಾಜಿಲ್ಲದೆ ಹಿಂದಿರುಗಿಸಿ.

[ದೃಶ್ಯ: ಉಪ್ಪು ಸವರುವುದು]

ಮಾಂಸದ ಒಳಕ್ಕೆ ಚೆನ್ನಾಗಿ ಇಳಿಯುವುದು ಉಪ್ಪು. ಸಾಸಿವೆ, ಬೆಳ್ಳುಳ್ಳಿ, ಸೊಪ್ಪುಗಳ ಪರಿಮಳ ಬಹುಮಟ್ಟಿಗೆ ಮೇಲ್ಮೈಯಲ್ಲೇ ಉಳಿಯುತ್ತದೆ. ಆದ್ದರಿಂದ ಒಂದು ಕಿಲೋ ಮಾಂಸಕ್ಕೆ ಸುಮಾರು 12 ಗ್ರಾಂ ಉಪ್ಪನ್ನು ಮೊದಲೇ ಸವರಿ, ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ.

[ದೃಶ್ಯ: ಒರಳಿನಲ್ಲಿ ಸಾಸಿವೆ]

ಇನ್ನು ಸಾಸಿವೆ. ಫ್ರಾನ್ಸಿನ ಡಿಜಾನ್ ಸಾಸಿವೆಯ ಶೀಶೆಯೇ ಬೇಕೆಂದು ಹುಡುಕಬೇಕಾಗಿಲ್ಲ. ಅದಕ್ಕೆ ಬಳಸುವ ಕಂದು ಸಾಸಿವೆ ಭಾರತದ ಅಡುಗೆಮನೆಗಳಿಗೂ ಹಳೆಯ ಪರಿಚಯವೇ. ಕಾಳಿನ ಘಾಟು ಕಾಳಿನೊಳಗೆ ಸಿದ್ಧವಾಗಿರುವುದಿಲ್ಲ: ಅರೆದಾಗ ನೀರು ಸೇರಿ, ಕಾಳಿನಲ್ಲೇ ಇರುವ ಒಂದು ಕಿಣ್ವ ಕೆಲಸ ಆರಂಭಿಸಿದ ಮೇಲೆ ಅದು ಹುಟ್ಟುತ್ತದೆ. ಬಿಸಿನೀರು ಹಾಕಿದರೆ ಕಿಣ್ವ ಸಾಯುತ್ತದೆ, ಹುಳಿ ಬಿದ್ದರೆ ಅದರ ಕೆಲಸ ಕುಂಠಿತವಾಗುತ್ತದೆ. ಹೀಗಾಗಿ ಎರಡು ದೊಡ್ಡ ಚಮಚ ಸಾಸಿವೆಯನ್ನು ತಣ್ಣೀರಿನಲ್ಲಿ ನೆನೆಸಿ ಅರೆದು, ಹತ್ತು ನಿಮಿಷ ಬಿಟ್ಟು, ಆಮೇಲಷ್ಟೇ ಒಂದು ಚಮಚ ವಿನೆಗರ್ ಸೇರಿಸಿ. ಮಾವಿನಹಣ್ಣಿನ ಸಾಸಿವೆ ಮಾಡುವ ಮಲೆನಾಡಿನವರಿಗೆ ಹಸಿ ಸಾಸಿವೆಯ ಈ ಗುಣವನ್ನು ಹೇಳಿಕೊಡಬೇಕಾಗಿಲ್ಲ. ವಿನೆಗರ್ ಬದಲು ಅರ್ಧ ಚಿಕ್ಕ ಚಮಚ ಕಾಚಂಪುಳಿಯೂ ಒಗ್ಗುತ್ತದೆ. ನನಗಂತೂ ಅದೇ ಹೆಚ್ಚು ಇಷ್ಟ.

ಇದರಿಂದ ಎರಡು ಚಮಚ ಬೇರೆ ಬಟ್ಟಲಿಗೆ ತೆಗೆದಿಡಿ. ಉಳಿದುದಕ್ಕೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ರೋಸ್‌ಮೆರಿ ಮತ್ತು ಥೈಮ್ ಬೆರೆಸಿ, ಚಾಪ್ಸ್‌ಗೆ ಸವರಿ ಒಂದು ಗಂಟೆ ಬಿಡಿ. ಜೇನು ಬೇಡ, ಬೇಗ ಕರಕಲಾಗುತ್ತದೆ.

[ದೃಶ್ಯ: ಒಂದು ಬದಿಗೆ ರಾಶಿ ಮಾಡಿದ ಕೆಂಡ]

ಇದ್ದಿಲಿನ ಮೇಲೆ ಬೂದಿ ಕೂರುವವರೆಗೆ ಕಾದು, ಕೆಂಡವನ್ನೆಲ್ಲ ಒಂದೇ ಬದಿಗೆ ಒಟ್ಟಿ. ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುವುದರಿಂದ ಮುಚ್ಚಿದ ಬಾಲ್ಕನಿಯಲ್ಲಿ ಇದನ್ನು ಮಾಡಲೇಬಾರದು. ತೆರೆದ ತಾರಸಿಯೇ ಸರಿ. ಹೆಚ್ಚಿನ ಮಸಾಲೆ ಒರೆಸಿ, ಮೊದಲು ಇಕ್ಕಳದಿಂದ ಕೊಬ್ಬಿನ ಅಂಚನ್ನು ಕೆಂಡದ ಮೇಲೆ ನಿಲ್ಲಿಸಿ ಹಿಡಿಯಿರಿ. ಅದು ಕೆಂಪಗಾದ ಮೇಲೆ ಎರಡೂ ಮಗ್ಗುಲನ್ನು ಎರಡೆರಡು ನಿಮಿಷ ಸುಟ್ಟು, ಕೆಂಡವಿಲ್ಲದ ಬದಿಗೆ ಸರಿಸಿ ಮುಚ್ಚಳ ಮುಚ್ಚಿ.

ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಹಂದಿ ಮಾಂಸದ (ಕೊಚ್ಚದ) ಇಡಿ ತುಂಡುಗಳಿಗೆ ತಾನು ಸೂಚಿಸುತ್ತಿದ್ದ 71 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು 63ಕ್ಕೆ ಇಳಿಸಿ, ಒಲೆಯಿಂದ ಇಳಿಸಿದ ಬಳಿಕ ಕನಿಷ್ಠ ಮೂರು ನಿಮಿಷ ಬಿಡಬೇಕೆಂದಿತು. ಮೂಳೆಗೆ ತಾಗದಂತೆ ಚಾಪ್‌ನ ನಡುವಿಗೆ ಥರ್ಮಾಮೀಟರ್ ಚುಚ್ಚಿ 63 ತೋರಿದಾಗ ತೆಗೆಯಿರಿ. ನಡುವೆ ನಸುಗೆಂಪು ಉಳಿದಿದ್ದರೆ ಗಾಬರಿ ಬೇಡ. ಥರ್ಮಾಮೀಟರ್ ಇಲ್ಲದವರು ಸ್ವಲ್ಪ ಒಣಗಿದರೂ ಸರಿಯೆಂದು ಪೂರ್ತಿ ಬೇಯಿಸುವುದೇ ಕ್ಷೇಮ.

[ದೃಶ್ಯ: ಅಕ್ಕಿ ರೊಟ್ಟಿಯ ಪಕ್ಕದಲ್ಲಿ ಚಾಪ್]

ಬೆಂಕಿಯ ಮೇಲೆ ಸಾಸಿವೆಯ ಘಾಟು ಬಹುಪಾಲು ಹಾರಿಹೋಗಿ, ಕಂದು ಬಣ್ಣದ ಹುರಿದ ಪರಿಮಳವಷ್ಟೇ ಉಳಿದಿರುತ್ತದೆ. ಹಸಿ ಮಾಂಸಕ್ಕೆ ಸೋಕದಂತೆ ಎರಡು ಚಮಚ ಸಾಸಿವೆಯನ್ನು ತೆಗೆದಿಟ್ಟದ್ದು ಇದಕ್ಕಾಗಿಯೇ: ಈಗ ಅದನ್ನು ತಟ್ಟೆಯ ಅಂಚಿಗೆ ಬಡಿಸಿ.