ಪೊರೆ ತೆಗೆಸಿಕೊಳ್ಳುವವರ ಜೊತೆ, ಅವರ ಮನೆಯವರ ಜೊತೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರಿಗೆ ಆಪರೇಷನ್ ದಿನ ಗೊತ್ತಾಗಿದೆ, ಕೆಲವರು ಇನ್ನೂ ಮನಸ್ಸು ಮಾಡಿಲ್ಲ. ಅಪ್ಪನದೋ ಅಮ್ಮನದೋ ಕೈ ಹಿಡಿದು ಕರೆತಂದವರೂ ಇದ್ದೀರಿ. ನಿಮಗೇ ನಾನು ಹೆಚ್ಚು ಹೇಳಬೇಕಾಗಿದೆ. ಥಿಯೇಟರಿನೊಳಗಿನ ಕೆಲಸ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಮುಂಚಿನ ತಯಾರಿ, ಆಮೇಲಿನ 4 ವಾರದ ಆರೈಕೆ ಎರಡೂ ಮನೆಯಲ್ಲಿ ನಡೆಯುವಂಥವು. ಕಣ್ಣಿನ ವಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ತಪ್ಪಿಸಬಹುದಾಗಿದ್ದ ತೊಂದರೆ ಎಂದು ನನ್ನ ಮನಸ್ಸಿನಲ್ಲಿ ಉಳಿದವೆಲ್ಲ ಮನೆಯಲ್ಲಿ ಆದಂಥವೇ.

ಮೊದಲು ಹೆಸರಿನ ವಿಷಯ. ಪೊರೆ ಅಂದ ಕೂಡಲೇ ಹಾವಿನ ಪೊರೆಯ ಹಾಗೆ ಕಣ್ಣಿನ ಮೇಲೆ ಕೂತ ತೆಳುವಾದ ಪದರ ಕಣ್ಮುಂದೆ ಬರುತ್ತದೆ. ಆ ಪದ ನಮ್ಮನ್ನು ದಾರಿ ತಪ್ಪಿಸಿದೆ. ಕಣ್ಣಿನ ಮೇಲೆ ಏನೂ ಬೆಳೆದಿರುವುದಿಲ್ಲ. ಪಾಪೆಯ ಹಿಂದೆ ಇರುವ ನಮ್ಮದೇ ಮಸೂರ, ಅಂದರೆ ಲೆನ್ಸ್, ಮಂಜಾಗಿರುತ್ತದೆ. ಅದರೊಳಗಿನ ಪ್ರೋಟೀನುಗಳು ವಯಸ್ಸಾದಂತೆ ಒಂದಕ್ಕೊಂದು ಅಂಟಿಕೊಂಡು ಬೆಳಕನ್ನು ಚದುರಿಸುತ್ತವೆ. ಹಾಗಾಗಿ ಯಾವ ಡ್ರಾಪ್ಸ್ ಹಾಕಿದರೂ ಅದು ಕರಗುವುದಿಲ್ಲ. ಆ ಲೆನ್ಸನ್ನೇ ತೆಗೆದು ಬೇರೊಂದನ್ನು ಕೂರಿಸಬೇಕು.

"ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ನೋಡೋಣ" ಎಂಬ ಮಾತು ಈಗಲೂ ಕೇಳಿಬರುತ್ತದೆ. ಹಳೆಯ ವಿಧಾನದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಈಗ 2ರಿಂದ 3 ಮಿಲಿಮೀಟರಿನ ಗಾಯದ ಮೂಲಕ ಒಳಹೋಗಿ, ಅಲ್ಟ್ರಾಸೌಂಡ್ ಕಂಪನದಿಂದ ಲೆನ್ಸನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಬಲಿತಷ್ಟೂ ಲೆನ್ಸ್ ಗಟ್ಟಿಯಾಗುತ್ತದೆ, ಪುಡಿಮಾಡಲು ಹೆಚ್ಚು ಕಂಪನ ಬೇಕಾಗುತ್ತದೆ, ಅದರ ಪೆಟ್ಟು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಹೊದಿಕೆಯ, ಒಳಪದರದ ಜೀವಕೋಶಗಳಿಗೆ ತಗಲುತ್ತದೆ. ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ತೀರಾ ಬಲಿತ ಲೆನ್ಸ್ ಒಳಗೇ ಸೋರಿ ಕಣ್ಣಿನ ಒತ್ತಡ ಏರಿಸುವುದೂ ಉಂಟು. ಹಾಗೆಂದು ಪೊರೆ ಕಂಡ ಮರುದಿನವೇ ಓಡಬೇಕಿಲ್ಲ. ಓದಲು ಆಗುತ್ತಿಲ್ಲ, ರಾತ್ರಿ ಎದುರಿನ ಗಾಡಿಯ ದೀಪ ಕಣ್ಣು ಕುಕ್ಕುತ್ತದೆ, ಮೆಟ್ಟಿಲಿನ ಅಂಚು ತಿಳಿಯುತ್ತಿಲ್ಲ ಎಂದಾಗ ತಡಮಾಡಬೇಡಿ.

ಆಪರೇಷನ್‌ಗೆ ಮುಂಚೆ ಕಣ್ಣಿನ ಉದ್ದವನ್ನೂ ಕಾರ್ನಿಯಾದ ಬಾಗನ್ನೂ ಅಳೆಯುತ್ತಾರೆ. ದೊಡ್ಡವರ ಕಣ್ಣು ಹಿಂದುಮುಂದಾಗಿ ಸುಮಾರು 23ರಿಂದ 24 ಮಿಲಿಮೀಟರ್ ಉದ್ದ. ಅಳತೆಯಲ್ಲಿ 1 ಮಿಲಿಮೀಟರ್ ತಪ್ಪಿದರೆ ಹಾಕುವ ಲೆನ್ಸಿನ ಪವರ್‌ನಲ್ಲಿ ಸುಮಾರು ಎರಡೂವರೆ ಡಯಾಪ್ಟರಿನಷ್ಟು (ಪವರ್ ಅಳೆಯುವ ಮಾನ) ತಪ್ಪುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಇಷ್ಟು ದಿನ ಮೊದಲೇ ತೆಗೆದಿಡಿ ಎನ್ನುವುದು ಇದಕ್ಕೇ. ಅದು ಕಾರ್ನಿಯಾದ ಆಕಾರವನ್ನು ಬದಲಿಸಿರುತ್ತದೆ, ಮೊದಲಿನಂತಾಗಲು ಸಮಯ ಬೇಕು.

ನೀವು ನುಂಗುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಡಾಕ್ಟರಿಗೆ ಹೇಳಿ. ಗಂಡಸರಿಗೆ ಇದನ್ನು ಒತ್ತಿ ಹೇಳುತ್ತೇನೆ. ಪ್ರಾಸ್ಟೇಟ್ ತೊಂದರೆಗೆ, ಮೂತ್ರ ಸಲೀಸಾಗಿ ಹೋಗಲೆಂದು ಕೊಡುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆಯಿದೆ. ಕಣ್ಣಿಗೂ ಮೂತ್ರಕ್ಕೂ ಎಲ್ಲಿಯ ಸಂಬಂಧ ಎಂದು, ಅಥವಾ ಸಂಕೋಚದಿಂದ, ಅದನ್ನು ಮುಚ್ಚಿಡುತ್ತಾರೆ. ಆ ಮಾತ್ರೆ ಪಾಪೆಯನ್ನು ಅಗಲಿಸುವ ಸ್ನಾಯುವನ್ನು ಸಡಿಲ ಮಾಡುತ್ತದೆ. ಆಪರೇಷನ್ ನಡುವೆ ಪಾಪೆ ಕಿರಿದಾಗಿ, ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್ ಒದ್ದೆ ಬಟ್ಟೆಯಂತೆ ಅಲೆಯತೊಡಗುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತಾರೆ. ನಿಲ್ಲಿಸಿ ಎಷ್ಟೋ ಕಾಲವಾಗಿದ್ದರೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಯಾರದೋ ಮಾತು ಕೇಳಿ ನೀವಾಗಿ ನಿಲ್ಲಿಸಬೇಡಿ. ಕಣ್ಣಿಗೆ ಒಳ್ಳೆಯದಾಗಲಿ ಎಂದು ಹೃದಯವನ್ನು ಅಪಾಯಕ್ಕೆ ಒಡ್ಡಿದ ಹಾಗಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಹಿಂಬದಿಯ ರೆಟಿನಾವನ್ನೂ ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಬೇಕು.

ಯಾವ ಲೆನ್ಸ್ ಹಾಕಿಸಬೇಕು ಎಂಬುದು ಎಲ್ಲರ ಪ್ರಶ್ನೆ. ದಿನವಿಡೀ ನಿಮ್ಮ ಕಣ್ಣಿಗೆ ಏನು ಕೆಲಸ ಎಂದು ನಾನು ತಿರುಗಿ ಕೇಳುತ್ತೇನೆ. ಮಾನೋಫೋಕಲ್ ಲೆನ್ಸ್ ಒಂದೇ ದೂರಕ್ಕೆ ಹೊಂದಿಸಿದ್ದು. ದೂರಕ್ಕೆ ಇಟ್ಟರೆ ಓದಲು ಕನ್ನಡಕ ಬೇಕೇ ಬೇಕು. ಮಲ್ಟಿಫೋಕಲ್ ಕನ್ನಡಕದ ಅವಲಂಬನೆ ತಗ್ಗಿಸುತ್ತದೆ, ಆದರೆ ರಾತ್ರಿ ದೀಪಗಳ ಸುತ್ತ ಬಳೆಯಂಥ ಪ್ರಭೆ ಕಾಣಿಸಬಹುದು. ರೆಟಿನಾ ಕೆಟ್ಟವರಿಗೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ. ಹೆಚ್ಚು ದುಬಾರಿಯದೇ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. ಇನ್ನೊಂದು ಮಾತು. ಮೈನಸ್ ಪವರ್ ಇದ್ದು, ಜೀವನವಿಡೀ ಕನ್ನಡಕ ತೆಗೆದು ಪುಸ್ತಕವನ್ನು ಹತ್ತಿರ ಹಿಡಿದು ಓದಿದವರು ನಿಮ್ಮಲ್ಲಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ದೂರಕ್ಕೆ ಲೆನ್ಸ್ ಇಟ್ಟರೆ ಬರಿಗಣ್ಣಿನ ಆ ಓದು ಹೋಗಿಬಿಡುತ್ತದೆ. ಆಪರೇಷನ್ ಚೆನ್ನಾಗಿ ಆಗಿದ್ದರೂ ಏನನ್ನೋ ಕಳೆದುಕೊಂಡವರಂತೆ ಕೂತವರನ್ನು ನೋಡಿದ್ದೇನೆ.

ಹಾಕಿದ ಲೆನ್ಸನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕೇ? ಬೇಡ, ಅದು ಜೀವನಪೂರ್ತಿ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಹೊದಿಕೆ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಲಂಡನ್ನಿನಲ್ಲಿ ಅಂಥದೇ ಪ್ಲಾಸ್ಟಿಕ್‌ನ ಲೆನ್ಸನ್ನು ಮೊದಲ ಬಾರಿಗೆ ಮನುಷ್ಯರ ಕಣ್ಣಲ್ಲಿ ಕೂರಿಸಿದರು. ಈಗಿನವು ಮಡಚಿ ಒಳಸೇರಿಸುವ ಮೃದು ಲೆನ್ಸುಗಳು.

ಆಪರೇಷನ್ ದಿನ ಬಹುತೇಕರು ಎಚ್ಚರವಾಗಿಯೇ ಇರುತ್ತೀರಿ. ಕಣ್ಣಷ್ಟೇ ಮರಗಟ್ಟಿರುತ್ತದೆ. ಮುಖದ ಮೇಲೆ ಬಟ್ಟೆ ಹೊದಿಸುತ್ತಾರೆ, ಉಸಿರಾಟಕ್ಕೆ ತೊಂದರೆ ಇರುವುದಿಲ್ಲ. ಕೆಮ್ಮು ಬಂದರೆ ತಡೆಯಲು ಹೋಗಬೇಡಿ, ತಲೆ ಅಲ್ಲಾಡಿಸಲೂ ಬೇಡಿ. "ಕೆಮ್ಮು ಬರ್ತಿದೆ" ಎಂದು ಬಾಯಲ್ಲಿ ಹೇಳಿ, ಡಾಕ್ಟರು ಕೈ ನಿಲ್ಲಿಸುತ್ತಾರೆ. ಅಂಗಾತ ಮಲಗಿದರೆ ಉಬ್ಬಸ ಬರುವವರು, ಕಿವಿ ಮಂದವಾದವರು ಅದನ್ನು ಮೊದಲೇ ತಿಳಿಸಿರಿ.

ಮನೆಗೆ ಬಂದಮೇಲೆ ಡ್ರಾಪ್ಸ್. ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಅಲ್ಲಾಗುವ ಪುಟ್ಟ ಚೀಲದಂಥ ಜಾಗಕ್ಕೆ ಒಂದೇ ಒಂದು ಹನಿ. ಬಾಟಲಿಯ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಹಗುರವಾಗಿ ಒತ್ತಿಹಿಡಿಯಿರಿ, ಮದ್ದು ಗಂಟಲಿಗೆ ಇಳಿಯುವುದಿಲ್ಲ. ಇನ್ನೊಂದು ಮದ್ದಿದ್ದರೆ 5 ನಿಮಿಷ ಬಿಟ್ಟು ಹಾಕಿ. ಬೇಗ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಐದನೇ ದಿನಕ್ಕೆ ಕಣ್ಣು ತಿಳಿಯಾಯಿತೆಂದು ಬಾಟಲಿ ಮೂಲೆಗೆ ಇಡುವವರಿದ್ದಾರೆ. ಸ್ಟೀರಾಯ್ಡ್ ಡ್ರಾಪ್ಸನ್ನು ವಾರವಾರಕ್ಕೆ ಕಡಿಮೆ ಮಾಡುತ್ತ ನಿಲ್ಲಿಸಬೇಕು. ಥಟ್ಟನೆ ಬಿಟ್ಟರೆ ಉರಿಯೂತ ಮರಳುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು.

ಕಣ್ಣಲ್ಲಿ ಮರಳು ಬಿದ್ದಂಥ ಕಿರಿಕಿರಿ, ನೀರು ಸೋರುವುದು, ಸ್ವಲ್ಪ ಕೆಂಪು ಇವೆಲ್ಲ ಮೊದಲ ದಿನಗಳಲ್ಲಿ ಸಹಜ. ನೀಲಿ ಬಣ್ಣ ಹಿಂದೆಂದಿಗಿಂತ ಗಾಢವಾಗಿ ಕಂಡು ಅಚ್ಚರಿಯಾದೀತು. ಹಳದಿಗಟ್ಟಿದ್ದ ಲೆನ್ಸ್ ಅದನ್ನು ತಡೆಹಿಡಿದಿತ್ತು. ಉಜ್ಜಬೇಡಿ. ನಿದ್ದೆಯಲ್ಲಿ ಕೈ ತನ್ನಷ್ಟಕ್ಕೆ ಹೋಗುತ್ತದೆ, ಅದಕ್ಕೇ ಒಂದು ವಾರ ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಕವಚ. ನೀರು, ಧೂಳು, ಹೊಗೆ, ಭಾರ ಎತ್ತುವುದು, ಈಜು ಎಲ್ಲಕ್ಕೂ ಡಾಕ್ಟರು ಹೇಳುವ ತನಕ ಬಿಡುವು ಕೊಡಿ.

ಈಗ ಹೇಳುವುದನ್ನು ಮನೆಯವರು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಬ್ಬ ಅಜ್ಜಿಗೆ ನಾಲ್ಕನೇ ದಿನ ರಾತ್ರಿ ಕಣ್ಣು ನೋಯಲು ಶುರುವಾಯಿತು. ಮಗನ ನಿದ್ದೆ ಕೆಡುತ್ತದೆಂದು ಹಲ್ಲುಕಚ್ಚಿ ಮಲಗಿದರು. ಮರುದಿನ ಮಧ್ಯಾಹ್ನ ಬಂದಾಗ ಒಳಗೆ ಸೋಂಕಾಗಿತ್ತು. ಕಣ್ಣು ಉಳಿಯಿತು, ನೋಟ ಪೂರ್ತಿ ಉಳಿಯಲಿಲ್ಲ. ಇಂಥ ಸೋಂಕು ತೀರಾ ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಹೆಚ್ಚುತ್ತ ಹೋಗುವ ನೋವು, ಏರುತ್ತಿರುವ ಕೆಂಪು, ಬಂದ ನೋಟ ಮತ್ತೆ ಮಸುಕಾಗುವುದು, ಮಿಂಚು ಹೊಡೆದಂತಾಗುವುದು, ಬದಿಯಿಂದ ಪರದೆ ಇಳಿದಂತೆ ಕಾಣುವುದು ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಹಿರಿಯರು ತಾವಾಗಿ ಹೇಳುವುದಿಲ್ಲ. ಮಲಗುವ ಮುನ್ನ ನೀವೇ ಕೇಳಿ: "ಅಮ್ಮಾ, ನೋವು ನಿನ್ನೆಗಿಂತ ಹೆಚ್ಚಿದೆಯಾ?"

ಹೊಸ ಕನ್ನಡಕದ ಪವರ್ ನೋಡುವುದು ಸಾಮಾನ್ಯವಾಗಿ 4ರಿಂದ 6 ವಾರ ಕಳೆದ ಮೇಲೆ. ಅಷ್ಟರೊಳಗೆ ಬರೆಸಿದ್ದು ಬದಲಾಗುವ ಸಾಧ್ಯತೆ ಇದೆ. ಎಷ್ಟೋ ತಿಂಗಳೋ ವರ್ಷವೋ ಆದಮೇಲೆ ಮತ್ತೆ ಮಂಜು ಕವಿದರೆ ಪೊರೆ ಮರಳಿತೆಂದು ಹೆದರಬೇಡಿ. ಲೆನ್ಸ್ ಕೂರಿಸಿದ ತೆಳು ಚೀಲದ ಹಿಂಬದಿ ಮಬ್ಬಾಗಿರುತ್ತದೆ. ಕುರ್ಚಿಯಲ್ಲಿ ಕೂತಲ್ಲೇ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಅದಕ್ಕೊಂದು ಕಿಂಡಿ ಮಾಡುತ್ತಾರೆ.

ಮೇಜಿನ ಮೇಲೆ ಕಣ್ಣು ತಂಪಾಗಿಸುವ ಡ್ರಾಪ್ಸ್ ಬಾಟಲಿಗಳಿವೆ, ಒಬ್ಬೊಬ್ಬರಿಗೆ ಒಂದೊಂದು. ಜೊತೆಗೆ ಬಂದವರು ಕೈ ತೊಳೆದುಕೊಂಡು ಬನ್ನಿ, ಹನಿ ಬಿಡುವುದನ್ನು ಇಲ್ಲೇ ಮಾಡಿ ನೋಡೋಣ.